ನಂಬಿಕೆಯ ಅರಿಕೆ: ಮೌನ ಬೇರೆ, ನಿರಾಕರಣೆ ಬೇರೆ

ತಾನು ಕ್ರಿಸ್ತನವನು ಎಂದು ಜನರ ಮುಂದೆ ಒಪ್ಪಿಕೊಳ್ಳುವುದು, ಆ ಮಾತಿಗೆ ತಕ್ಕಂತೆ ನಡೆಯುವುದು, ಇವೆರಡೂ ಸೇರಿದರೆ ನಂಬಿಕೆಯ ಅರಿಕೆ. ಆರಾಧನೆಯಲ್ಲಿ ಎಲ್ಲರೂ ಎದ್ದುನಿಂತು ಹೇಳುವ ವಿಶ್ವಾಸಪ್ರಮಾಣವೂ ಅರಿಕೆಯೇ. ಆದರೆ ಅಲ್ಲಿ ಅಕ್ಕಪಕ್ಕದವರೂ ಅದನ್ನೇ ಹೇಳುತ್ತಿರುತ್ತಾರೆ, ಹೆದರಿಕೆಯ ಮಾತಿಲ್ಲ. ಕಷ್ಟವಿರುವುದು ಮನೆಯವರ ಎದುರು, ಕೆಲಸದ ಜಾಗದಲ್ಲಿ, ಗೆಳೆಯರ ನಡುವೆ, ಕೆಲವು ದೇಶಗಳಲ್ಲಿ ಅಧಿಕಾರಿಗಳ ಮುಂದೆ. ಮತ್ತಾಯ 10:32-33ರಲ್ಲಿ ಯೇಸು ಹೇಳುವುದು ಈ ಅರಿಕೆಯನ್ನೇ: ಮನುಷ್ಯರ ಮುಂದೆ ತನ್ನನ್ನು ಒಪ್ಪಿಕೊಂಡವರನ್ನು ತಂದೆಯ ಮುಂದೆ ತಾನೂ ಒಪ್ಪಿಕೊಳ್ಳುವೆನೆಂಬುದು ಅಲ್ಲಿಯ ಮಾತು.

ಅರಿಕೆ ಎದೆಗಾರರ ಕೆಲಸ, ಹೆದರುವವರಿಗೆ ಹೇಳಿದ್ದಲ್ಲ ಎಂದು ತುಂಬಾ ಜನ ತಿಳಿದಿದ್ದಾರೆ. ಹೊಸ ಒಡಂಬಡಿಕೆ ಹಾಗೆ ಹೇಳುವುದಿಲ್ಲ. ಕೊರಿಂಥಕ್ಕೆ ಬಂದಾಗ ಭಯಪಟ್ಟು ನಡುಗುತ್ತಿದ್ದೆ ಎಂದು ಅಪೊಸ್ತಲ ಪೌಲನೇ ಬರೆದಿದ್ದಾನೆ (1 ಕೊರಿಂಥ 2:3). ಸೆರೆಯಲ್ಲಿದ್ದಾಗ ಎಫೆಸದವರಿಗೆ ಬರೆದ ಪತ್ರದ ಕೊನೆಯಲ್ಲಿ ಅವನು ಕೇಳಿಕೊಳ್ಳುವುದು ಬಿಡುಗಡೆಗಾಗಿ ಪ್ರಾರ್ಥಿಸಿರೆಂದಲ್ಲ, ಧೈರ್ಯವಾಗಿ ಮಾತಾಡುವಂತೆ ಪ್ರಾರ್ಥಿಸಿರೆಂದು (6:19-20). ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನರನ್ನು ಯೆಹೂದ್ಯರ ಹಿರೀಸಭೆಯವರು ಗದರಿಸಿ ಬಿಟ್ಟ ದಿನ ಯೆರೂಸಲೇಮಿನ ವಿಶ್ವಾಸಿಗಳು ಬೇಡಿದ್ದೂ ಅದನ್ನೇ (ಅಪೊಸ್ತಲರ ಕೃತ್ಯಗಳು 4:29). ಹೆದರಿಕೆ ಇಲ್ಲದವರು ಧೈರ್ಯ ಬೇಡುವುದಿಲ್ಲ.

ಹಾಗಾದರೆ ತಪ್ಪು ಯಾವಾಗ ಆಗುತ್ತದೆ? ಭಯ ಸುಳ್ಳಾಗಿ ತಿರುಗಿದಾಗ. ಯೇಸುವನ್ನು ಹಿಡಿದ ರಾತ್ರಿ ಅವನನ್ನು ಅರಿಯೆನೆನ್ನುವಂತೆ ಪೇತ್ರನನ್ನು ಮೊದಲು ಬೀಳಿಸಿದ್ದು ಸೈನಿಕನ ಕತ್ತಿಯಲ್ಲ, ಅಂಗಳದಲ್ಲಿದ್ದ ಒಬ್ಬ ದಾಸಿಯ ಪ್ರಶ್ನೆ. ಅದೇ ಪೇತ್ರ ವರ್ಷಗಳ ನಂತರ ಅಂತಿಯೋಕ್ಯದಲ್ಲಿ ಬಾಯಿ ಬಿಡದೆಯೇ ಎಡವಿದ. ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯ ಯೆಹೂದ್ಯರು ಬಂದೊಡನೆ ಹೆದರಿ ಪಂಕ್ತಿಯಿಂದ ಹಿಂದೆ ಸರಿದ; ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಸರಿದ. ಪೌಲ ಅದಕ್ಕೆ ಕಪಟವೆಂದೇ ಹೆಸರಿಟ್ಟು ಎಲ್ಲರ ಮುಂದೆ ಕೇಳಿದ (ಗಲಾತ್ಯ 2:11-14). ನಿರಾಕರಣೆಗೆ ಮಾತೇ ಬೇಕೆಂದಿಲ್ಲ ಎಂಬುದು ಇಲ್ಲಿ ಸ್ಪಷ್ಟ.

ಆದರೆ ಪ್ರತಿಯೊಂದು ಮೌನವೂ ನಿರಾಕರಣೆಯಲ್ಲ. ಈ ಗೆರೆಯನ್ನು ಸರಿಯಾಗಿ ಎಳೆದುಕೊಳ್ಳದೆ ಎಷ್ಟೋ ಪ್ರಾಮಾಣಿಕ ವಿಶ್ವಾಸಿಗಳು ಸುಮ್ಮನೆ ಅಪರಾಧಿ ಭಾವದಲ್ಲಿ ನರಳುತ್ತಾರೆ. ಅರಿಮಥಾಯದ ಯೋಸೇಫ ಭಯದಿಂದ ಗುಪ್ತ ಶಿಷ್ಯನಾಗಿದ್ದ, ನಿಕೊದೇಮ ಮೊದಲು ಬಂದಿದ್ದು ರಾತ್ರಿಯಲ್ಲಿ. ಯೇಸುವಿನ ಶವವನ್ನು ಕೇಳಿ ಪಡೆದು ಹೂಳುವ ಹೊತ್ತಿಗೆ ಮುಂದೆ ಬಂದವರು ಇವರಿಬ್ಬರೇ (ಯೋಹಾನ 19:38-39). ಯೋಹಾನ 12:42-43ರ ಅಧಿಕಾರಿಗಳ ವಿಷಯ ಬೇರೆ. ಅವರೂ ನಂಬಿದ್ದರು, ಸಭಾಮಂದಿರದಿಂದ ಬಹಿಷ್ಕಾರ ಬಿದ್ದೀತೆಂದು ಒಪ್ಪಿಕೊಳ್ಳಲಿಲ್ಲ. ದೇವರಿಂದ ಬರುವ ಮಾನಕ್ಕಿಂತ ಮನುಷ್ಯರಿಂದ ಬರುವ ಮಾನವೇ ಅವರಿಗೆ ಹೆಚ್ಚಾಗಿತ್ತೆಂದು ಸುವಾರ್ತೆ ಕಾರಣವನ್ನೂ ಕೊಡುತ್ತದೆ.

ಆದಿಸಭೆ ಈ ಪ್ರಶ್ನೆಯನ್ನು ಪ್ರಾಣ ಪಣಕ್ಕಿಟ್ಟು ಎದುರಿಸಿತು. ಸುಮಾರು ಕ್ರಿ.ಶ. 112ರಲ್ಲಿ ರೋಮ್ ಸಾಮ್ರಾಜ್ಯದ ರಾಜ್ಯಪಾಲ ಪ್ಲೀನಿ, ಹಿಡಿದು ತಂದವರನ್ನು ‘ನೀನು ಕ್ರೈಸ್ತನೋ’ ಎಂದು ಮೂರು ಸಲ ಕೇಳುತ್ತಿದ್ದುದಾಗಿ ಚಕ್ರವರ್ತಿ ಟ್ರಾಜನ್‌ಗೆ ಬರೆದ. ಹೌದೆಂದು ಪಟ್ಟು ಹಿಡಿದವರಿಗೆ ಮರಣ; ಅಲ್ಲವೆಂದವರು ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಬೇಕಿತ್ತು. 250ರ ಸುಮಾರಿಗೆ ಡೇಸಿಯಸ್ ಚಕ್ರವರ್ತಿ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ, ಅರ್ಪಿಸಿದ್ದಕ್ಕೆ ಅಧಿಕಾರಿಗಳ ಸಹಿಯುಳ್ಳ ಪ್ರಮಾಣಪತ್ರ ಕೊಡುತ್ತಿದ್ದರು. ಅಂಥ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಕೆಲವು ಕ್ರೈಸ್ತರು ಬಲಿ ಕೊಡದೆ ಲಂಚ ಕೊಟ್ಟು ಪತ್ರ ಮಾತ್ರ ಪಡೆದರು. ಕೈ ಮೈಲಿಗೆಯಾಗಲಿಲ್ಲವಲ್ಲ ಎಂಬುದು ಅವರ ಸಮಾಧಾನ. ಸಭೆ ಅದನ್ನು ಬಲಿ ಕೊಟ್ಟದ್ದಕ್ಕಿಂತ ಹಗುರವಾದ ತಪ್ಪೆಂದು ಎಣಿಸಿತು, ಆದರೂ ತಪ್ಪೆಂದೇ ಹೇಳಿತು. ಓಡಿ ಅಡಗಿಕೊಂಡವರನ್ನು ಮಾತ್ರ ನಂಬಿಕೆ ಬಿಟ್ಟು ಬಿದ್ದವರ ಪಟ್ಟಿಗೆ ಸೇರಿಸಲಿಲ್ಲ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಆಗ ಅಡಗಿದ್ದು ಪತ್ರಗಳ ಮೂಲಕ ಸಭೆ ನಡೆಸಿದ. ಅದಕ್ಕಾಗಿ ಟೀಕೆಯನ್ನೂ ಕೇಳಿದ. 258ರ ಸೆಪ್ಟೆಂಬರ್ 14ರಂದು ವಿಚಾರಣೆಯಲ್ಲಿ ಅರಿಕೆ ಮಾಡಿ ಶಿರಚ್ಛೇದಕ್ಕೆ ಒಳಗಾದವನೂ ಅವನೇ. ಎರಡನೆಯ ಶತಮಾನದಲ್ಲಿ ನಂಬಿಕೆಗಾಗಿ ಸತ್ತ ಸ್ಮುರ್ನದ ಬಿಷಪ್ ಪೊಲಿಕಾರ್ಪನ ಮರಣದ ವೃತ್ತಾಂತದಲ್ಲಿ ಇನ್ನೂ ಖಚಿತವಾದ ಮಾತಿದೆ. ಕ್ವಿಂಟಸ್ ಎಂಬವನು ತಾನಾಗಿ ಮುಂದೆ ಬಂದು, ತನ್ನ ಮೇಲೆ ಬಿಡಲಿದ್ದ ಮೃಗಗಳನ್ನು ಕಂಡು ಹೆದರಿ ಧೂಪ ಹಾಕಿದ. ತಾವಾಗಿಯೇ ಹೋಗಿ ಒಪ್ಪಿಸಿಕೊಳ್ಳುವವರನ್ನು ನಾವು ಹೊಗಳುವುದಿಲ್ಲ ಎಂದು ಅದರಲ್ಲಿ ಬರೆದಿದೆ.

ಇದನ್ನು ದಿನದ ಬದುಕಿಗೆ ತಂದರೆ: ಕೇಳದವರಿಗೆಲ್ಲ ಹೇಳಬೇಕಾಗಿಲ್ಲ, ಕೇಳಿದಾಗ ಸುಳ್ಳು ಹೇಳಬಾರದು, ಹೇಳಿದ್ದಕ್ಕೆ ವಿರುದ್ಧವಾಗಿ ನಡೆಯಬಾರದು. ಶುರುಮಾಡಲು ಸಣ್ಣ ನಿಜಗಳೇ ಒಳ್ಳೆಯವು. ‘ಭಾನುವಾರ ಎಲ್ಲಿದ್ದೆ?’ ಎಂದರೆ ‘ಏನೋ ಕೆಲಸವಿತ್ತು’ ಎನ್ನುವ ಬದಲು ‘ಚರ್ಚಿಗೆ ಹೋಗಿದ್ದೆ’ ಎನ್ನಿ, ಅಲ್ಲಿಗೆ ನಿಲ್ಲಿಸಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ಬಹಳ ದಿನ ಅದುಮಿಟ್ಟ ಮಾತು ಒಮ್ಮೆಲೇ ಪ್ರಸಂಗವಾಗಿ ಹೊರಬರುತ್ತದೆ, ಕೇಳಿದವರು ಮತ್ತೆ ಕೇಳುವುದಿಲ್ಲ. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಸಾತ್ವಿಕತೆಯಿಂದ ಉತ್ತರ ಹೇಳಲು ಸಿದ್ಧರಾಗಿರಿ ಎನ್ನುತ್ತದೆ 1 ಪೇತ್ರ 3:15. ಸಿದ್ಧತೆ ಎಂದರೆ ನಿಜವಾಗಿಯೂ ಸಿದ್ಧತೆ: ಏನನ್ನು ನಂಬುತ್ತೇನೆ, ಯಾಕೆ, ಅದರಿಂದ ನನ್ನಲ್ಲಿ ಏನು ಬದಲಾಯಿತು ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ ಬರೆದು, ನಂಬಿಕಸ್ಥರೊಬ್ಬರ ಮುಂದೆ ಬಾಯಿಬಿಟ್ಟು ಹೇಳಿ ನೋಡಬೇಕು. ಒಂದು ನಿಮಿಷ ಮೀರಿದರೆ ಕಡಿಮೆ ಮಾಡಿ. ‘ಅಭಿಷೇಕ’, ‘ರಕ್ಷಣೆ ಹೊಂದಿದೆ’ ಎಂಬಂಥ ಮಾತು ಸಭೆಯ ಹೊರಗಿನವರಿಗೆ ಅರ್ಥವಾಗುವುದಿಲ್ಲ, ಬಿಡಿಸಿ ಹೇಳಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲವೆನ್ನಿ.

ನಡತೆಯ ಅರಿಕೆ ಲೆಕ್ಕದ ಪುಸ್ತಕದಲ್ಲೂ ಕಾಣಬೇಕು. ಸುಂಕ ವಸೂಲಿಗಾರ ಜಕ್ಕಾಯ ಅರಿಕೆ ಮಾಡಿದ್ದು ಅಂಕಿಗಳಲ್ಲಿ: ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ (ಲೂಕ 19:8). ಕತ್ತಿನಲ್ಲಿ ಶಿಲುಬೆ ಹಾಕಿಕೊಂಡು ಸುಳ್ಳು ಬಿಲ್ಲಿಗೆ ಸಹಿ ಹಾಕುವುದಕ್ಕಿಂತ, ಶಿಲುಬೆ ಇಲ್ಲದೆ ಸಹಿ ನಿರಾಕರಿಸುವುದು ಎಷ್ಟೋ ಮೇಲು. ನಿರಾಕರಿಸುವುದನ್ನು ಕೊನೆಯ ಗಳಿಗೆಗೆ ಬಿಡಬೇಡಿ. ಗಡುವಿನ ಒತ್ತಡದಲ್ಲಿ ಭಯವೇ ಗೆಲ್ಲುತ್ತದೆ. ಮೊದಲೇ ಹೇಳಿ, ‘ಸರಿಯಾದ ಲೆಕ್ಕ ನಾನೇ ಬರೆದುಕೊಡುತ್ತೇನೆ’ ಎಂಬ ದಾರಿಯನ್ನೂ ಜೊತೆಗಿಡಿ.

ಪ್ರಾಮಾಣಿಕತೆ ಸಭೆಯ ಒಳಗೂ ಕೆಡುತ್ತದೆ, ಇದನ್ನು ನಾವು ಸಾಕಷ್ಟು ಮಾತಾಡುವುದಿಲ್ಲ. ತನ್ನ ನಂಬಿಕೆಯ ಅನುಭವವನ್ನು ಸಾಕ್ಷಿಯಾಗಿ ಹೇಳುವಾಗ ಹಳೆಯ ಪಾಪವನ್ನು ಹಿಗ್ಗಿಸುವುದು, ವೈದ್ಯರ ಪರೀಕ್ಷೆಯ ಫಲಿತಾಂಶ ಬರುವ ಮುನ್ನವೇ ಗುಣವಾಯಿತೆಂದು ಸಾರುವುದು, ಸಂಶಯವನ್ನು ಮುಚ್ಚಿಡುವುದು, ಇವೂ ಭಯದ ಮಕ್ಕಳೇ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಎಂದ, ರೋಗಿಷ್ಠ ಹುಡುಗನ ತಂದೆಯನ್ನು ಯೇಸು ಹಿಂದಕ್ಕೆ ಕಳಿಸಲಿಲ್ಲ (ಮಾರ್ಕ 9:24). ಹಾಗೆಯೇ ಎದುರಾದ ಸಿಟ್ಟನ್ನೆಲ್ಲ ಹಿಂಸೆಯೆಂದು ಕರೆಯಬಾರದು. ಕ್ರೈಸ್ತನೆಂದು ಬಾಧೆ ಪಡುವುದು ಬೇರೆ, ಪರರ ವಿಷಯದಲ್ಲಿ ತಲೆಹಾಕಿ ಪಡುವುದು ಬೇರೆ ಎಂದು 1 ಪೇತ್ರ 4:15-16 ಬೇರ್ಪಡಿಸುತ್ತದೆ. ಸಿಟ್ಟು ಬಂದದ್ದು ಸುವಾರ್ತೆಗೋ ನಮ್ಮ ಒರಟುತನಕ್ಕೋ ನೋಡಿಕೊಳ್ಳಬೇಕು.

ಹೊಡೆತ, ಸೆರೆ, ಮನೆಯಿಂದ ಹೊರಹಾಕುವ ಅಪಾಯ ನಿಜವಾಗಿ ಇರುವವರಿಗೆ ಬೇರೆ ಕ್ರಮ ಬೇಕು. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿಹೋಗಿರಿ ಎಂದವನು ಯೇಸುವೇ (ಮತ್ತಾಯ 10:23). ಮೊದಲು ಸಭಾಪಾಲಕರಿಗೆ ಅಥವಾ ನಂಬಿಕಸ್ಥ ಹಿರಿಯರೊಬ್ಬರಿಗೆ ತಿಳಿಸಿ. ತಂಗಲು ಒಂದು ಜಾಗ, ಗುರುತಿನ ಕಾಗದಗಳು, ಕೈಯಲ್ಲಿ ಸ್ವಲ್ಪ ಹಣ ಹೊಂದಿಸಿಕೊಂಡ ಮೇಲೆ ಮನೆಯವರಿಗೆ ಹೇಳಿ. ನಿಮ್ಮ ನಂಬಿಕೆಗೆ ಸಂಬಂಧಿಸಿದ ಫೋಟೋ, ವಿಡಿಯೋ ಯಾರಿಗೂ ಕಳಿಸಬೇಡಿ. ಇತರ ವಿಶ್ವಾಸಿಗಳ ಹೆಸರು ಬಿಟ್ಟುಕೊಡುವ ಹಕ್ಕು ನಿಮಗಿಲ್ಲ. ಒತ್ತಾಯಿಸಿದರೆ ‘ಅದಕ್ಕೆ ಉತ್ತರ ಕೊಡಲಾರೆ’ ಎಂದರೆ ಅದು ಸುಳ್ಳಲ್ಲ. ದೀಕ್ಷಾಸ್ನಾನಕ್ಕೆ ಜನಜಂಗುಳಿಯೂ ಬೇಕಿಲ್ಲ. ಫಿಲಿಪ್ಪಿಯ ಸೆರೆಮನೆಯ ಯಜಮಾನ ಮನೆಯವರೊಂದಿಗೆ ಅದನ್ನು ಪಡೆದದ್ದು ನಡುರಾತ್ರಿಯಲ್ಲಿ (ಕೃತ್ಯಗಳು 16:33).

ಈಗಾಗಲೇ ಅಲ್ಲವೆಂದು ಹೇಳಿಬಿಟ್ಟಿದ್ದರೆ, ಮೊದಲು ಅದನ್ನು ದೇವರ ಮುಂದೆ ಒಪ್ಪಿಕೊಂಡು, ಅಪಾಯವಿಲ್ಲದಿದ್ದರೆ ಸುಳ್ಳು ಕೇಳಿದ ಅದೇ ವ್ಯಕ್ತಿಯ ಬಳಿಗೆ ಹೋಗಿ. ವಿವರಣೆ ಬೇಡ. ‘ಮೊನ್ನೆ ಕೇಳಿದಾಗ ಸುಳ್ಳು ಹೇಳಿದೆ, ನಾನು ಕ್ರೈಸ್ತ’ ಎಂದರೆ ಆಯಿತು. ತಡವಾದಷ್ಟೂ ಇದು ಕಷ್ಟವಾಗುತ್ತದೆ, ಆದ್ದರಿಂದ ಮುಂದಿನ ಭೇಟಿಯಲ್ಲೇ ಹೇಳಿ.