ಮದ್ದುಗುಂಡಿನ ಕೊರತೆ ಎಣ್ಣೆ ಗಿರಣಿಯಲ್ಲೇ ಶುರುವಾಗುತ್ತದೆ

ಉಕ್ರೇನ್ ಯುದ್ಧ ಆರಂಭವಾದ 2022ರಿಂದ ಈಚೆಗೆ ಮದ್ದುಗುಂಡಿನ ಚರ್ಚೆಯೆಲ್ಲ 155 ಮಿ.ಮೀ. ಫಿರಂಗಿ ಶೆಲ್‌ಗಳ ಎಣಿಕೆಯ ಸುತ್ತಲೇ ನಡೆದಿದೆ. ಆಗ ತಿಂಗಳಿಗೆ ಸುಮಾರು 14 ಸಾವಿರ ಶೆಲ್ ತಯಾರಿಸುತ್ತಿದ್ದ ಅಮೆರಿಕ, ಅದನ್ನು ಒಂದು ಲಕ್ಷಕ್ಕೆ ಏರಿಸುವ ಗುರಿ ಹಾಕಿಕೊಂಡಿತು. ಹನ್ನೆರಡು ತಿಂಗಳೊಳಗೆ ಉಕ್ರೇನಿಗೆ ಹತ್ತು ಲಕ್ಷ ಶೆಲ್ ಕೊಡುವುದಾಗಿ 2023ರ ಮಾರ್ಚ್‌ನಲ್ಲಿ ಮಾತು ಕೊಟ್ಟ ಯುರೋಪ್ ಒಕ್ಕೂಟ, ಗಡುವು ಮುಗಿಯುವ ಹೊತ್ತಿಗೆ ಅದರ ಅರ್ಧದ ಆಸುಪಾಸಿನಲ್ಲಿತ್ತು. ಸ್ಫೋಟಕ ಉದ್ಯಮಕ್ಕೆ ಬೇಕಾದ ಕಚ್ಚಾವಸ್ತುಗಳ ಖರೀದಿ ಮತ್ತು ಗುಣಮಟ್ಟದ ಒಪ್ಪಿಗೆಯ ಕೆಲಸದಲ್ಲಿರುವ ನನ್ನಂಥವರಿಗೆ ಈ ಎಣಿಕೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಶೆಲ್ಲಿನ ಉಕ್ಕಿನ ಕವಚಕ್ಕೆ ಹೊಸ ಪ್ರೆಸ್ ತರಿಸಬಹುದು, ಪಾಳಿ ಹೆಚ್ಚಿಸಬಹುದು. ದುಡ್ಡಿದ್ದರೆ ಅದು ಆಗುವ ಕೆಲಸ. ದುಡ್ಡಿಗೆ ಬಗ್ಗದಿರುವುದು ಒಳಗೆ ತುಂಬುವ ಪದಾರ್ಥಗಳ ಪೈಕಿ ಕೆಲವು, ಏಕೆಂದರೆ ಅವು ಬೇರಾವುದೋ ಉದ್ಯಮದ ಉಪಉತ್ಪನ್ನಗಳು.

ಹತ್ತಿಯ ಲಿಂಟರ್ ಇದಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ. ಜಿನ್ನಿಂಗ್‌ನಲ್ಲಿ ಉದ್ದನೆಯ ನಾರು ಬೇರ್ಪಟ್ಟ ಮೇಲೂ ಹತ್ತಿಬೀಜಕ್ಕೆ ಕೆಲವೇ ಮಿಲಿಮೀಟರ್ ಉದ್ದದ ತುಪ್ಪಳು ಅಂಟಿಕೊಂಡಿರುತ್ತದೆ. ಬೀಜ ಎಣ್ಣೆ ಗಿರಣಿಗೆ ಹೋದಾಗ ಅದನ್ನು ಕೆರೆದು ತೆಗೆಯುತ್ತಾರೆ; ಅದೇ ಲಿಂಟರ್. ಮೊದಲ ಕೆರೆತದ್ದು ಹಾಸಿಗೆ, ವೈದ್ಯಕೀಯ ಹತ್ತಿಯಂಥ ಬಳಕೆಗೆ ಹೋದರೆ, ಎರಡನೆಯದು ಬಹುಪಾಲು ರಾಸಾಯನಿಕ ಸೆಲ್ಯುಲೋಸ್ ತಯಾರಿಕೆಗೆ ಬರುತ್ತದೆ. ಈ ಶುದ್ಧ ಸೆಲ್ಯುಲೋಸಿಗೆ ನೈಟ್ರೇಷನ್ (ನೈಟ್ರಿಕ್ ಆಮ್ಲದ ಸಂಸ್ಕರಣೆ) ಆದಾಗ ಸಿಗುವ ನೈಟ್ರೋಸೆಲ್ಯುಲೋಸೇ ಪಿಸ್ತೂಲಿನ ತೋಟಾದಿಂದ ಹಿಡಿದು ಫಿರಂಗಿಯವರೆಗೆ ಗುಂಡನ್ನು ಮುಂದಕ್ಕೆ ತಳ್ಳುವ ಪುಡಿಮದ್ದಿನ ಮೂಲದ್ರವ್ಯ. ಈಗ ಲಿಂಟರಿನ ಬೆಲೆ ಎರಡು ಪಟ್ಟಾಯಿತು ಎಂದುಕೊಳ್ಳೋಣ. ಅದಕ್ಕಾಗಿ ಯಾವ ರೈತನೂ ಹೆಚ್ಚು ಹತ್ತಿ ಬಿತ್ತುವುದಿಲ್ಲ, ಯಾವ ಗಿರಣಿಯೂ ಹೆಚ್ಚು ಬೀಜ ಅರೆಯುವುದಿಲ್ಲ. ಅವರ ಲೆಕ್ಕಾಚಾರ ನಿಂತಿರುವುದು ನೂಲು, ಎಣ್ಣೆ ಮತ್ತು ಹಿಂಡಿಯ ಬೆಲೆಯ ಮೇಲೆ. ಬೆಲೆ ಏರಿದರೆ ಪೂರೈಕೆ ತಾನಾಗಿ ಹೆಚ್ಚುತ್ತದೆ ಎಂಬ ಅರ್ಥಶಾಸ್ತ್ರದ ಮೊದಲ ಪಾಠ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಮೇಲಾಗಿ, ಈ ಮಾರುಕಟ್ಟೆಯಲ್ಲಿ ಮದ್ದಿನ ಕಾರ್ಖಾನೆ ಏಕೈಕ ಗಿರಾಕಿಯೂ ಅಲ್ಲ. ನೈಟ್ರೋಸೆಲ್ಯುಲೋಸಿನ ಕಡಿಮೆ ನೈಟ್ರೋಜನ್ ಇರುವ ದರ್ಜೆಗಳು ಮುದ್ರಣದ ಶಾಯಿ, ಮರದ ಮೆರುಗು, ಉಗುರುಬಣ್ಣಕ್ಕೆ ಹೋಗುತ್ತವೆ. ಲಿಂಟರ್ ತಿರುಳಿನಿಂದ ಸೆಲ್ಯುಲೋಸ್ ಈಥರ್, ಅಸಿಟೇಟ್‌ಗಳೂ ತಯಾರಾಗುತ್ತವೆ. ಈ ಕೊಳ್ಳುವವರು ವರ್ಷವಿಡೀ ಒಂದೇ ಸಮನೆ ಕೊಳ್ಳುತ್ತಾರೆ, ತಕರಾರು ಕಡಿಮೆ. ರಕ್ಷಣಾ ಖರೀದಿಯಾದರೋ ಹತ್ತು ವರ್ಷ ಸುಮ್ಮನಿದ್ದು, ಹನ್ನೊಂದನೆಯ ವರ್ಷ ಎಲ್ಲವೂ ನಾಳೆಯೇ ಬೇಕು ಎನ್ನುತ್ತದೆ. ಅಂಥ ಗಿರಾಕಿಯನ್ನು ನೆಚ್ಚಿಕೊಂಡು ಯಾರೂ ಹೊಸ ಶುದ್ಧೀಕರಣ ಘಟಕ ಕಟ್ಟದಿದ್ದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ. ಆಗ ಯುರೋಪ್ ಒಕ್ಕೂಟದ ಆಂತರಿಕ ಮಾರುಕಟ್ಟೆ ಆಯುಕ್ತರಾಗಿದ್ದ ಥಿಯೆರಿ ಬ್ರೆಟನ್, ಪುಡಿಮದ್ದಿಗೆ ಬೇಕಾದ ಹತ್ತಿ ಹೆಚ್ಚಾಗಿ ಚೀನಾದಿಂದ ಬರುತ್ತದೆ ಎಂದು 2024ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಹೇಳಿದರು. ಜರ್ಮನಿಯ ರೈನ್‌ಮೆಟಾಲ್ ಕಂಪನಿಯ ಮುಖ್ಯಸ್ಥ ಆರ್ಮಿನ್ ಪ್ಯಾಪರ್ಗರ್, ಯುರೋಪಿನ ಲಿಂಟರಿನಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಚೀನಾದ್ದು ಎಂದರು. ವೃತ್ತಿಯಲ್ಲಿರುವವರಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. ಮಂತ್ರಿಮಟ್ಟದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಹೊಸದು.

ಹಾಗಾದರೆ ಬೇರೆ ದೇಶದ ಲಿಂಟರ್ ಕೊಳ್ಳಬಾರದೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ. ಕೊಳ್ಳಬಹುದು, ಆದರೆ ಬೇಲ್ (ಒತ್ತಿ ಕಟ್ಟಿದ ಮೂಟೆ) ಬಂದ ಕೂಡಲೇ ಅದು ಉತ್ಪಾದನೆಗೆ ಇಳಿಯುವುದಿಲ್ಲ. ಪೂರೈಕೆದಾರರ ಪ್ರಮಾಣಪತ್ರದಲ್ಲಿ ಆಲ್ಫಾ ಸೆಲ್ಯುಲೋಸ್, ಸ್ನಿಗ್ಧತೆ, ಬೂದಿ, ತೇವಾಂಶ ಎಲ್ಲವೂ ಮಿತಿಯೊಳಗಿದ್ದರೂ, ಬೇಲ್ ಬಿಚ್ಚಿ ಹರಡಿದಾಗ ಪ್ಲಾಸ್ಟಿಕ್ ಚೀಲದಿಂದ ಉದುರಿದ ಪಾಲಿಪ್ರೊಪಿಲೀನ್ ಎಳೆಗಳು ಕಾಣಿಸುವುದುಂಟು. ಬಟ್ಟೆಯಲ್ಲಾದರೆ ಅದು ಒಂದು ಕಲೆ ಅಷ್ಟೇ. ನೈಟ್ರೇಷನ್‌ನಲ್ಲಿ ಆ ಎಳೆ ಪ್ರತಿಕ್ರಿಯಿಸದೆ ಹಾಗೆಯೇ ಉಳಿದು ಪುಡಿಯ ಏಕರೂಪತೆ ಕೆಡಿಸುತ್ತದೆ. ಮೂಲ ಬದಲಾದರೆ ನೈಟ್ರೋಸೆಲ್ಯುಲೋಸ್ ಹೊಸದು, ಅದರಿಂದ ಮಾಡಿದ ಪುಡಿಮದ್ದೂ ಹೊಸದು ಎಂದೇ ಪರಿಗಣಿಸಬೇಕಾಗುತ್ತದೆ. ಕೊರೆಯುವ ಚಳಿಯಲ್ಲೂ ಸುಡುವ ಬಿಸಿಯಲ್ಲೂ ಅದನ್ನು ಹಾರಿಸಿ ನಳಿಗೆಯೊಳಗಿನ ಒತ್ತಡ ಮತ್ತು ಗುಂಡಿನ ವೇಗ ಅಳೆಯಬೇಕು; ಬಳಿಕ ದಾಸ್ತಾನಿನಲ್ಲಿ ಎಷ್ಟು ವರ್ಷ ಕೆಡದೆ ಇರುತ್ತದೆಂದು ನೋಡಬೇಕು. ನ್ಯಾಟೋ ಮಾನದಂಡದ ಪ್ರಕಾರ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 10.6 ದಿನ ಇಟ್ಟು ಶಾಖದ ಹರಿವು ಅಳೆದರೆ 25 ಡಿಗ್ರಿಯಲ್ಲಿ ಹತ್ತು ವರ್ಷದ ದಾಸ್ತಾನಿಗೆ ಸಮ. ಒಂದು ಪರೀಕ್ಷೆ ಹನ್ನೊಂದು ದಿನದಲ್ಲಿ ಮುಗಿದೀತು; ಮಾದರಿ ತಯಾರಿಕೆ, ಫೈರಿಂಗ್ ರೇಂಜಿನ ಸರದಿ, ಪ್ರತಿಯೊಂದು ಶಸ್ತ್ರಕ್ಕೂ ಬೇರೆಬೇರೆ ಒಪ್ಪಿಗೆ ಸೇರಿ ಇಡೀ ಪ್ರಕ್ರಿಯೆ ವರ್ಷಗಳ ಲೆಕ್ಕಕ್ಕೆ ಹೋಗುತ್ತದೆ.

ಲಿಂಟರ್ ಬಿಟ್ಟು ಮರದ ತಿರುಳಿಗೆ ಹೋಗುವ ದಾರಿಯೂ ಇದೆ, ಅದು ಹಳೆಯದೇ. ಮೊದಲ ಮಹಾಯುದ್ಧದಲ್ಲಿ, 1915ರ ಆಗಸ್ಟ್‌ನಲ್ಲಿ, ಬ್ರಿಟನ್ ಹತ್ತಿಯನ್ನು ಯುದ್ಧನಿಷಿದ್ಧ ಸರಕೆಂದು ಘೋಷಿಸಿತು. ಹತ್ತಿ ಸಿಗದ ಜರ್ಮನಿ ಮರದ ಸೆಲ್ಯುಲೋಸಿನಿಂದ ಪುಡಿಮದ್ದು ಮಾಡಿಕೊಂಡೇ 1918ರವರೆಗೆ ಹೋರಾಡಿತು. ಅತ್ತ ಬ್ರಿಟನ್ನಿಗೂ ಅದರದೇ ತಾಪತ್ರಯವಿತ್ತು: ತನ್ನ ಪುಡಿಮದ್ದಾದ ಕಾರ್ಡೈಟ್ ತಯಾರಿಸಲು ಬೇಕಾದ ಅಸಿಟೋನ್ ಸಾಲದೆ, ರಸಾಯನಶಾಸ್ತ್ರಜ್ಞ ಹೈಮ್ ವೈಜ್‌ಮನ್ ರೂಪಿಸಿದ ಹುದುಗಿಸುವ ವಿಧಾನಕ್ಕೆ ಪಿಷ್ಟ ಒದಗಿಸಲು 1917ರಲ್ಲಿ ಶಾಲಾಮಕ್ಕಳಿಂದ ಹಾರ್ಸ್ ಚೆಸ್ಟ್‌ನಟ್ ಕಾಯಿಗಳನ್ನು ಆರಿಸಿ ತರಿಸಿದರು. ಮರದ ತಿರುಳಿನಲ್ಲಿರುವ ಅನುಕೂಲವೆಂದರೆ ಅದು ಯಾರ ಉಪಉತ್ಪನ್ನವೂ ಅಲ್ಲ. ಆದೇಶ ಕೊಟ್ಟರೆ ಹೆಚ್ಚು ತಯಾರಾಗುತ್ತದೆ. ಆದ್ದರಿಂದಲೇ ಬಿಕ್ಕಟ್ಟು ಇಲ್ಲದ ಕಾಲದಲ್ಲಿ ಅದರ ಒಪ್ಪಿಗೆಯ ಪರೀಕ್ಷೆಗಳನ್ನು ಮುಗಿಸಿಟ್ಟುಕೊಳ್ಳುವುದು ನನ್ನ ಮಟ್ಟಿಗೆ ಹೊಸ ಕಾರ್ಖಾನೆಗಿಂತ ತುರ್ತಿನ ಕೆಲಸ.

ಆಂಟಿಮನಿ ಎಂಬ ಲೋಹದ ಕಥೆಯೂ ಲಿಂಟರಿಗೆ ದೂರದ್ದಲ್ಲ. ಗುಂಡಿನ ಸೀಸವನ್ನು ಗಟ್ಟಿಗೊಳಿಸಲು ಸ್ವಲ್ಪ ಆಂಟಿಮನಿ ಬೇಕು. ಪುಡಿಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರಿನ ಮಿಶ್ರಣದಲ್ಲಿ ಅದರ ಸಲ್ಫೈಡ್ ಬೇಕು. ಒಂದು ತೋಟಾದಲ್ಲಿ ಅದರ ಪಾಲು ತೀರ ಚಿಕ್ಕದು, ಆದರೆ ಪ್ರೈಮರ್ ಇಲ್ಲದ ತೋಟಾ ಬರೀ ಹಿತ್ತಾಳೆಯ ತುಂಡು. ಲೋಹದ ಬಹುಪಾಲು ಹೋಗುವುದು ಬೆಂಕಿನಿರೋಧಕಗಳಿಗೆ ಮತ್ತು ಬ್ಯಾಟರಿಗಳಿಗೆ. ಸಿಗುವುದರಲ್ಲಿ ಒಂದಷ್ಟು ಚಿನ್ನ, ಸೀಸದ ಗಣಿಗಾರಿಕೆಯ ಜೊತೆಗೇ ಬರುತ್ತದೆ. ಚೀನಾ 2024ರ ಸೆಪ್ಟೆಂಬರ್‌ನಲ್ಲಿ ಇದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿ, ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ರಫ್ತನ್ನೇ ನಿಷೇಧಿಸಿತು. ಆ ಒಂದೇ ವರ್ಷದಲ್ಲಿ ಬೆಲೆ ಮೂರು ಪಟ್ಟು ಏರಿತು. 2025ರ ನವೆಂಬರ್‌ನಲ್ಲಿ ಆ ನಿಷೇಧವನ್ನು ಒಂದು ವರ್ಷದ ಮಟ್ಟಿಗೆ ತಡೆಹಿಡಿಯಲಾಯಿತು. ಒಂದು ವರ್ಷದ ರಿಯಾಯಿತಿಯನ್ನು ನಂಬಿ ಗಣಿ ತೆರೆಯಲೂ ಆಗದು, ಮುಚ್ಚಲೂ ಆಗದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಆಂಟಿಮನಿ ಒದಗಿಸಿದ ಐಡಾಹೋದ ಸ್ಟಿಬ್‌ನೈಟ್ ಗಣಿಯ ಮರುಚಾಲನೆಯ ಯೋಜನೆಯಲ್ಲೂ ಮುಖ್ಯ ಆದಾಯ ಚಿನ್ನದ್ದೇ. ಕವಚಭೇದಿ ಗುಂಡುಗಳ ಟಂಗ್‌ಸ್ಟನ್‌ಗೂ 2025ರ ಫೆಬ್ರವರಿಯಿಂದ ಚೀನಾದ ರಫ್ತು ನಿಯಂತ್ರಣವಿದೆ.

ಶೆಲ್ಲಿನೊಳಗೆ ತುಂಬುವ ಸ್ಫೋಟಕವಾದ ಟಿಎನ್‌ಟಿ ಮಾತ್ರ ಬೇರೆ ಜಾತಿಯ ಸಮಸ್ಯೆ. ಅದರ ಮೂಲವಸ್ತು ಟಾಲ್ವೀನ್ ತೈಲ ಸಂಸ್ಕರಣಾಗಾರಗಳಲ್ಲಿ ಧಾರಾಳವಾಗಿ ಸಿಗುತ್ತದೆ; ಇಲ್ಲದಿರುವುದು ಕಾರ್ಖಾನೆ. ತಯಾರಿಕೆಯಲ್ಲಿ ಹೊರಬರುವ ವಿಷಕಾರಿ ಕೆಂಪುನೀರಿನ ವಿಲೇವಾರಿಯ ಖರ್ಚು, ಬೇಡಿಕೆಯ ಕುಸಿತ ಎರಡೂ ಸೇರಿ ಅಮೆರಿಕದಲ್ಲಿ 1986ರಲ್ಲಿ ಟಿಎನ್‌ಟಿ ತಯಾರಿಕೆ ನಿಂತಿತು. 155 ಮಿ.ಮೀ.ನ ಒಂದು ಎಂ795 ಶೆಲ್ಲಿಗೆ 10 ಕಿಲೋಗೂ ಹೆಚ್ಚು ಟಿಎನ್‌ಟಿ ತುಂಬಬೇಕು. ಆ ಭಾರವನ್ನು ಪೋಲೆಂಡಿನ ಬಿಡ್ಗೋಶ್ ನಗರದ ನೈಟ್ರೋ-ಕೆಮ್ ಕಾರ್ಖಾನೆ ಬಹುಮಟ್ಟಿಗೆ ಹೊತ್ತಿದೆ. ಕೆಂಟಕಿಯಲ್ಲಿ ಹೊಸ ಘಟಕ ಕಟ್ಟಲು 435 ಮಿಲಿಯನ್ ಡಾಲರಿನ ಗುತ್ತಿಗೆ ಕೊಟ್ಟದ್ದು 2024ರ ನವೆಂಬರ್‌ನಲ್ಲಿ. ಇಲ್ಲಿ ಹಣ ಕೆಲಸ ಮಾಡುತ್ತದೆ, ತಡವಾಗಿಯಾದರೂ.

ಯುರೋಪ್ ಒಕ್ಕೂಟದ ಸುಮಾರು 500 ಮಿಲಿಯನ್ ಯೂರೋಗಳ ಮದ್ದುಗುಂಡು ನೆರವಿನಲ್ಲಿ ಮುಕ್ಕಾಲು ಪಾಲು ಪುಡಿಮದ್ದು ಮತ್ತು ಸ್ಫೋಟಕ ತಯಾರಿಕೆಗೇ ಹೋಯಿತು. ಆದ್ಯತೆ ಸರಿಯಾಗಿಯೇ ಇದೆ. ಆದರೆ ಪುಡಿಮದ್ದಿನ ಕಾರ್ಖಾನೆ ದೊಡ್ಡದಾದಷ್ಟೂ ಅದರ ಕೆಳಗಿನ ಲಿಂಟರಿನ ಅವಲಂಬನೆಯೂ ದೊಡ್ಡದಾಗುತ್ತದೆ.

ದಾಸ್ತಾನು ಯಾವ ಹಂತದಲ್ಲಿ ಎಂಬುದನ್ನೂ ವಸ್ತುವಿನ ಗುಣ ನೋಡಿಯೇ ನಿರ್ಧರಿಸಬೇಕು. ನೈಟ್ರೋಸೆಲ್ಯುಲೋಸನ್ನು ನೀರು ಅಥವಾ ಆಲ್ಕೋಹಾಲಿನಲ್ಲಿ ತೇವವಾಗಿಯೇ ಇಡಬೇಕು, ಒಣಗಿದರೆ ಅಪಾಯ. ತಯಾರಾದ ಪುಡಿಮದ್ದು ನಿಧಾನವಾಗಿ ವಿಘಟಿಸುತ್ತಲೇ ಇರುವುದರಿಂದ ಕಾಲಕಾಲಕ್ಕೆ ಪರೀಕ್ಷೆ ಬೇಡುತ್ತದೆ. ಶುದ್ಧೀಕರಿಸಿದ ಲಿಂಟರ್ ಅಥವಾ ಮರದ ತಿರುಳಿನ ಬೇಲ್‌ಗಳಾದರೆ ಒಣ ಗೋದಾಮಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಆಂಟಿಮನಿ ಗಟ್ಟಿಗಳಿಗೆ ಆಯಸ್ಸಿನ ಚಿಂತೆಯೇ ಇಲ್ಲ. ಇವೆರಡನ್ನೂ ಕೊಂಡಿಡುವುದಕ್ಕೆ ತಗಲುವ ವೆಚ್ಚ ಒಂದು ಶೆಲ್ ಕಾರ್ಖಾನೆಯ ವೆಚ್ಚದ ಮುಂದೆ ಅಲ್ಪ. ಆದರೂ ಖರೀದಿ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ಶೆಲ್ಲಿಗೆ ಬೆಲೆ ಇರುತ್ತದೆ, ಬೇಲ್‌ಗಳಿಗೆ ಇರುವುದಿಲ್ಲ. ಗೋದಾಮಿನಲ್ಲಿ ಸುಮ್ಮನೆ ಕೂತ ಸರಕಿನ ಬಡ್ಡಿಯನ್ನು ತಯಾರಕರೇ ಹೊರಬೇಕಾಗಿರುವ ತನಕ ಅವರು ಮೂರು ತಿಂಗಳಿಗಿಂತ ಹೆಚ್ಚಿನ ದಾಸ್ತಾನು ಇಟ್ಟುಕೊಳ್ಳುವುದು ಅನುಮಾನ.