ಲಕ್ಷ್ಮೀಪುರಂ ಬರೆದು ನೋಡಿ

ಹೊಸ ಕನ್ನಡ ಫಾಂಟು ಮಾಡಲು ಕೂತವರು ಸಾಮಾನ್ಯವಾಗಿ ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿದೇ ಹೊರಡುತ್ತಾರೆ. ಮೂಲಾಕ್ಷರಗಳೆಲ್ಲ ಅಂದವಾಗಿ ಮುಗಿದ ಮೇಲೆ ಒತ್ತಕ್ಷರದ ಸರದಿ ಬರುತ್ತದೆ. ಅಷ್ಟರಲ್ಲಿ ಗೆರೆಯ ಕೆಳಗೆ ಜಾಗವೂ ಇರುವುದಿಲ್ಲ, ಕೂತವರಿಗೆ ತಾಳ್ಮೆಯೂ ಇರುವುದಿಲ್ಲ. ವ್ಯಂಜನವನ್ನೇ ಶೇ. 60ಕ್ಕೆ ಕುಗ್ಗಿಸಿ ಕೆಳಗೆ ಅಂಟಿಸಿಬಿಡುತ್ತಾರೆ. ಕನ್ನಡ ಫಾಂಟು ಕೆಡುವುದು ಹೆಚ್ಚಾಗಿ ಅಲ್ಲೇ. ಆದ್ದರಿಂದ ಒತ್ತುಗಳಿಂದಲೇ ಶುರುಮಾಡುವುದು ಲೇಸು.

ಕುಗ್ಗಿಸಿದರೆ ಏನಾಗುತ್ತದೆ ಎಂಬುದು ಸರಳ ಲೆಕ್ಕ. ಮೂಲಾಕ್ಷರದ ಗೆರೆಯ ದಪ್ಪ 80 ಯೂನಿಟ್ (ಫಾಂಟಿನೊಳಗಿನ ಅಳತೆ) ಇದ್ದರೆ ಶೇ. 60ಕ್ಕೆ ಇಳಿಸಿದ ಒತ್ತಿನಲ್ಲಿ ಅದು 48 ಆಗುತ್ತದೆ. 9 ಪಾಯಿಂಟಿನಲ್ಲಿ ಅಚ್ಚಾದಾಗ ಮೇಲಿನ ಅಕ್ಷರ ಕಪ್ಪಗೆ, ಒತ್ತು ಬೂದು ಬೂದು. ಒತ್ತನ್ನು ಬೇರೆಯಾಗಿಯೇ ಬರೆಯಬೇಕು. ಗೆರೆ 68ರಿಂದ 72ರ ಆಸುಪಾಸು ಇರಲಿ, ಒಳಗಿನ ಖಾಲಿ ಜಾಗವನ್ನು ಬೇಕೆಂದೇ ಸ್ವಲ್ಪ ಅಗಲ ಮಾಡಿ. ಅದೂ ಅಲ್ಲದೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲಾಕ್ಷರವನ್ನು ಹೋಲುವುದೇ ಇಲ್ಲ, ಕುಗ್ಗಿಸುವ ಮಾತೇ ಬರುವುದಿಲ್ಲ. ನಮ್ಮ ಬರಹದಲ್ಲಿ ಅತಿ ಹೆಚ್ಚು ಬರುವ ಒತ್ತುಗಳಲ್ಲಿ ಇವೂ ಸೇರಿವೆ. ಮೊದಲ ವಾರವನ್ನು ಈ ಆರಕ್ಕೇ ಕೊಟ್ಟರೂ ನಷ್ಟವಿಲ್ಲ.

ಪರೀಕ್ಷೆಗೆ ಬೇಕಾದ ಪದಗಳನ್ನು ಮೈಸೂರಿನ ಬೋರ್ಡುಗಳೇ ಒದಗಿಸುತ್ತವೆ. ಲಕ್ಷ್ಮೀಪುರಂ ತೆಗೆದುಕೊಳ್ಳಿ. ಕಂಪ್ಯೂಟರಿಗೆ ‘ಲಕ್ಷ್ಮೀ’ ಎಂದರೆ ಏಳು ಸಂಕೇತ: ಲ, ಕ, ವಿರಾಮ (ವ್ಯಂಜನದ ಅ-ಕಾರ ಅಳಿಸುವ ಚಿಹ್ನೆ), ಷ, ಮತ್ತೊಂದು ವಿರಾಮ, ಮ, ಈ-ಕಾರ. ಓಪನ್‌ಟೈಪ್ ನಿಯಮಗಳಲ್ಲಿ (ಅಕ್ಷರ ಜೋಡಿಸಲು ಫಾಂಟಿನೊಳಗೇ ಬರೆದಿಡುವ ಸೂಚನೆಗಳು) ಕ, ವಿರಾಮ, ಷ ಮೂರನ್ನೂ ಒಂದಾಗಿಸುವ ‘ಅಖಂಡ’ ಮೊದಲು ಓಡಿ ಕ್ಷ ಆಗಬೇಕು, ಆಮೇಲೆ ವಿರಾಮ ಮತ್ತು ಮ ಸೇರಿ ಒತ್ತಾಗಬೇಕು. ಈ-ಕಾರವಂತೂ ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಒಡೆಯುತ್ತದೆ. ಗುಡಿಸು ಕ್ಷದ ತಲೆಗೆ ಸೇರಬೇಕು, ದೀರ್ಘ ಮಾತ್ರ ಒತ್ತಿನ ನಂತರ ನಿಲ್ಲಬೇಕು. ಕ್ರಮ ತಪ್ಪಿತೋ, ಮ-ಒತ್ತು ದೀರ್ಘದ ಕೆಳಗೆ ಹೋಗಿ ನೇತಾಡುತ್ತದೆ. ನಿಯಮಗಳು ಯಾವ ಲಿಪಿಗೆಂದು ಫಾಂಟಿನಲ್ಲಿ ಗುರುತಿಸುವ ಸ್ಕ್ರಿಪ್ಟ್ ಟ್ಯಾಗ್ ‘ಕೆಎನ್‌ಡಿ2’ ಹಾಕಲು ಮರೆತರೆ ಈ ನಿಯಮಗಳು ಸರಿಯಾಗಿ ಓಡದೆ, ಬರಿಯ ವಿರಾಮಗಳು ಸಾಲಾಗಿ ಕಾಣಬಹುದು.

ಇರ್ವಿನ್ ರಸ್ತೆ ಅರ್ಕಾವತ್ತಿನ ಪರೀಕ್ಷೆಗೆ. ಮಂಡ್ಯ ಯ-ಒತ್ತಿಗೆ: ಅದರ ಬಾಲ ಮುಂದಿನ ಅಕ್ಷರದ ಬುಡಕ್ಕೆ ತಾಗಬಾರದು. ‘ತ್ರೈಮಾಸಿಕ’ ಇನ್ನೂ ಕಿಲಾಡಿ, ಏಕೆಂದರೆ ರ-ಒತ್ತಿಗೂ ಐತ್ವದ ಕೆಳತುದಿಗೂ ಬೇಕಾದ್ದು ಒಂದೇ ಮೂಲೆ. ಒಬ್ಬರನ್ನು 40–50 ಯೂನಿಟ್ ಬಲಕ್ಕೆ ಸರಿಸಲೇಬೇಕು.

ಅಗಲದ ವಿಷಯ ಬಹಳ ಜನ ಲಕ್ಷ್ಯಕ್ಕೇ ತರುವುದಿಲ್ಲ. ಒತ್ತಿಗೆ ಅಗಲ (ಸಾಲಿನಲ್ಲಿ ಅದಕ್ಕೆಂದು ಬಿಡುವ ಜಾಗ) ಸೊನ್ನೆ ಕೊಟ್ಟರೆ ‘ತಮ್ಮನ್ನು’ ಎಂಬಲ್ಲಿ ಎರಡು ಒತ್ತು ಒಂದರ ಮೇಲೊಂದು ಬೀಳುತ್ತವೆ. ಪೂರ್ತಿ ಅಗಲ ಕೊಟ್ಟರೆ ‘ಕುಕ್ಕರಹಳ್ಳಿ’ ಎರಡು ಪದದಂತೆ ಒಡೆದು ಕಾಣುತ್ತದೆ. ಹೊರಬರುವ ದಾರಿ ಇದು: ಅಗಲ ಕಡಿಮೆಯೇ ಇಡಿ, ಒತ್ತಿನ ಪಕ್ಕದಲ್ಲಿ ಮತ್ತೆ ಒತ್ತುಳ್ಳ ಅಕ್ಷರ ಬಂದಾಗ ಮಾತ್ರ ಸಂದರ್ಭ ನೋಡಿ ಅಂತರ ಸೇರಿಸುವ ನಿಯಮ ಬರೆಯಿರಿ. ‘ಬೆಲ್ಲದಚ್ಚು’ ಹಾಕಿ ನೋಡಿ. ನಡುವಿನ ದ-ಗೆ ಒತ್ತಿಲ್ಲ, ಅಲ್ಲಿ ಅಂತರ ಕೂಡಿದ್ದರೆ ನಿಯಮ ಅತಿಯಾಗಿದೆ ಎಂದರ್ಥ.

ಇನ್ನು ‘ರಾಷ್ಟ್ರ’, ‘ಸ್ತ್ರೀ’ಯಂಥ ಜೋಡಿ ಒತ್ತು. ಒಂದರ ಕೆಳಗೊಂದು ಇಳಿಸಿದರೆ ನೋಡಲು ಚೆಂದವೇ, ಆದರೆ ಆ ಒಂದು ಪದಕ್ಕಾಗಿ ಪುಸ್ತಕದ ಪ್ರತಿ ಸಾಲಿನ ನಡುವೆಯೂ ಜಾಗ ಬಿಡಬೇಕಾಗುತ್ತದೆ. ಎರಡನೆಯದನ್ನು ಪಕ್ಕಕ್ಕೆ ಸರಿಸುವುದೇ ಜಾಣತನ. ಎಷ್ಟು ಆಳಕ್ಕೆ ಇಳಿದಿದೆಯೋ ಅಳೆದು, ವಿಂಡೋಸ್‌ಗಾಗಿ ಇರುವ ‘ವಿನ್ ಡಿಸೆಂಟ್’ ಸಂಖ್ಯೆಯನ್ನು ಅದಕ್ಕಿಂತ ಕಡಿಮೆ ಇಡಬೇಡಿ. ಇಟ್ಟರೆ ಒತ್ತಿನ ಬುಡ ತೆರೆಯ ಮೇಲೆ ಕತ್ತರಿಸಿ ಹೋಗುತ್ತದೆ. ಪುಟ ಕಟ್ಟುವವರಿಗೂ ಒಂದು ಮಾತು: ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ತಾನಾಗಿ ಕೊಡುವ ಸಾಲಿನಂತರ ಅಕ್ಷರಗಾತ್ರದ ಶೇ. 120. ಅದು ಇಂಗ್ಲಿಷಿನ ಲೆಕ್ಕ. ಕನ್ನಡಕ್ಕೆ 145–150 ಇಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ಭಾರತೀಯ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಅದನ್ನು ಆರಿಸದೆ ‘ಒತ್ತು ಒಡೆಯಿತು, ಫಾಂಟು ಸರಿಯಿಲ್ಲ’ ಎಂದು ದೂರುವವರಿದ್ದಾರೆ; ಪಾಪ, ಫಾಂಟಿನ ತಪ್ಪಲ್ಲ.

ಸಣ್ಣ ಗಾತ್ರದಲ್ಲಿ ಠ-ದೊಳಗಿನ ಚುಕ್ಕೆ ಮಸಿಗೆ ಮುಚ್ಚಿಹೋದರೆ ಓದುವವರಿಗೆ ಅದು ಬರಿಯ ಕಪ್ಪು ಮುದ್ದೆ. ಥ ಇದ್ದದ್ದು ಧ ಆಗುತ್ತದೆ. ಚುಕ್ಕೆಯ ಸುತ್ತ ಗೆರೆಯ ದಪ್ಪದಷ್ಟಾದರೂ ಬಿಳಿ ಉಳಿಸಿ.

ಕೀಲಿಮಣೆಯ ತಪ್ಪನ್ನು ಫಾಂಟಿನಲ್ಲಿ ಮುಚ್ಚಲು ಹೋಗಬೇಡಿ. ‘ಸರ್ಕಾರ’ವನ್ನು ಒಂಬತ್ತರ ಅಂಕಿ ಹಾಕಿ ‘ಸಕಾ೯ರ’ ಎಂದೂ, ಅನುಸ್ವಾರದ ಬದಲು ಸೊನ್ನೆ ಒತ್ತಿ ‘ಮ೦ಡ್ಯ’ ಎಂದೂ ಬರೆಯುವವರು ಬೇಕಾದಷ್ಟು. ಕಣ್ಣಿಗೆ ಸರಿಯೆನಿಸುತ್ತದೆ, ಹುಡುಕಿದರೆ ಸಿಗುವುದಿಲ್ಲ. ಅಂಕಿಗಳನ್ನು ಅಕ್ಷರಗಳಿಗಿಂತ ತುಸು ಬೇರೆ ಎತ್ತರದಲ್ಲಿಟ್ಟರೆ ಕರಡು ತಿದ್ದುವವರ ಕಣ್ಣಿಗೆ ತಪ್ಪು ಬೀಳುತ್ತದೆ. ‘ರ‍್ಯಾಂಕ್’ ಬರಲು ರ ಆದಮೇಲೆ, ವಿರಾಮಕ್ಕೆ ಮುಂಚೆ, ಕಣ್ಣಿಗೆ ಕಾಣದ ಜೋಡಕ ಸಂಕೇತ (ZWJ) ಬೇಕು. ‘ಸಾಫ್ಟ್‌ವೇರ್’ನಲ್ಲಿ ಒತ್ತಾಗದಂತೆ ತಡೆಯಲು ವಿರಾಮದ ನಂತರ ಅಂಥದ್ದೇ ವಿಭಜಕ (ZWNJ) ಬೇಕು. ಇವೆರಡೂ ಪರೀಕ್ಷೆಯ ಪಟ್ಟಿಯಲ್ಲಿರಲಿ.

ಪಟ್ಟಿಯನ್ನು ಒಂದು ಕಡೆ ಮಾತ್ರ ನೋಡಿದರೆ ಸಾಲದು. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಇವು ಹಾರ್ಫ್‌ಬಜ್ ಎಂಬ, ಅಕ್ಷರ ಜೋಡಿಸುವ ಎಂಜಿನ್ ಬಳಸುತ್ತವೆ, ವಿಂಡೋಸ್‌ನ ವರ್ಡ್ ಮೈಕ್ರೋಸಾಫ್ಟಿನದೇ ಎಂಜಿನ್. ಎರಡರಲ್ಲೂ ತೆರೆದು, 9, 12, 48 ಪಾಯಿಂಟಿನಲ್ಲಿ ಕಾಗದಕ್ಕೆ ಇಳಿಸಿ, ಕಾಗದವನ್ನು ತಲೆಕೆಳಗು ಹಿಡಿದು ನೋಡಿ. ಓದಲಾಗದ ಕಾರಣ ಕಣ್ಣು ಪದ ಬಿಟ್ಟು ಕಪ್ಪು–ಬಿಳಿಯನ್ನಷ್ಟೇ ಅಳೆಯುತ್ತದೆ, ಸೊರಗಿದ ಒತ್ತು ಎಲ್ಲಿದೆಯೆಂದು ಆಗ ಥಟ್ಟನೆ ಗೊತ್ತಾಗುತ್ತದೆ.