ಆರನೇ ವರ್ಷಕ್ಕೆ ಬರುವ ಆರನೇ ಹಲ್ಲು

"ಹಾಲುಹಲ್ಲು ತಾನೇ ಡಾಕ್ಟ್ರೇ, ಕಿತ್ತುಬಿಡಿ. ಹೇಗೂ ಹೊಸದು ಬರುತ್ತಲ್ಲ" ಎಂದರು ತಾಯಿ. ಕುರ್ಚಿಯಲ್ಲಿದ್ದ ಹುಡುಗಿಗೆ ಎಂಟು ವರ್ಷ. ಕೆಳಗಿನ ದವಡೆ ಹಲ್ಲಿನಲ್ಲಿ ಮೆಣಸಿನಕಾಳು ಕೂರುವಷ್ಟು ಕುಳಿ. ನಾನು ಮುಂದಿನ ಎರಡು ಹಲ್ಲುಗಳ ನಡುವಿನಿಂದ ಹಿಂದಕ್ಕೆ ಒಂದೊಂದಾಗಿ ಮುಟ್ಟಿ ಎಣಿಸಿ ತೋರಿಸಿದೆ. ಕುಳಿ ಇದ್ದದ್ದು ಆರನೆಯದರಲ್ಲಿ. ಹಾಲುಹಲ್ಲು ಒಂದೊಂದು ದವಡೆಯ ಒಂದು ಬದಿಗೆ ಐದೇ ಇರುವುದು, ಒಟ್ಟು 20. ಆರನೆಯದು ಶಾಶ್ವತ ಹಲ್ಲು. ಅದು ಹೋದರೆ ಮತ್ತೆ ಬರುವುದಿಲ್ಲ.

ಈ ತಪ್ಪು ಆ ತಾಯಿಯೊಬ್ಬರದಲ್ಲ. ಆರು ವರ್ಷದ ಸುಮಾರಿಗೆ ಈ ಹಲ್ಲು ಹುಟ್ಟುವಾಗ ಇದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ. ಕೊನೆಯ ಹಾಲುಹಲ್ಲಿನ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಮೇಲ್ಮೈಯಲ್ಲಿ ಆಳವಾದ ಗೆರೆಗಳು. ಅರ್ಧ ಹುಟ್ಟಿದ ತಿಂಗಳುಗಳಲ್ಲಿ ಸಾಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಮೇಲೆಯೇ ಹಾದುಹೋಗುತ್ತದೆ. ಆಗ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡವಾಗಿ ಹಿಡಿದು ತಂದೆ ತಾಯಿಯೇ ಉಜ್ಜಬೇಕು. ಏಳೆಂಟು ವರ್ಷದವರೆಗೂ ಮಕ್ಕಳ ಕೈಗೆ ಆ ಚಾಕಚಕ್ಯತೆ ಬಂದಿರುವುದಿಲ್ಲ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಹಲ್ಲು ಪೂರ್ತಿ ಹೊರಬಂದ ಮೇಲೆ ಗೆರೆಗಳನ್ನು ತೆಳು ಲೇಪವಾದ ಸೀಲೆಂಟ್‌ನಿಂದ ಮುಚ್ಚಿಸಿ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಇದನ್ನು ಕೇಳಿಕೊಂಡು ಬರುವ ಪೋಷಕರು ತೀರಾ ಕಡಿಮೆ ಎಂಬುದು ನನ್ನ ದೊಡ್ಡ ಕೊರಗು.

ಹಾಗೆಂದು ಹಾಲುಹಲ್ಲು ಹೇಗಾದರೂ ಇರಲಿ ಎನ್ನುವಂತಿಲ್ಲ. ಹಾಲಿನ ದವಡೆ ಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಜಾಗ ಕಾಯಬೇಕು. ಬೇಗ ಕಿತ್ತರೆ ಆರನೆಯದು ಮುಂದಕ್ಕೆ ವಾಲಿ ಜಾಗ ನುಂಗುತ್ತದೆ, ಬರಬೇಕಾದ ಹಲ್ಲು ಸೊಟ್ಟಗೆ ಬರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ಈ ಹಲ್ಲಿನ ಗಟ್ಟಿ ಹೊರಕವಚವಾದ ಎನಾಮೆಲ್ ಕೂಡುವುದು ಹುಟ್ಟಿನಿಂದ ಮೂರು ವರ್ಷದೊಳಗೆ, ದವಡೆಯೊಳಗೇ. ಪಾವಗಡ, ಬಾಗೇಪಲ್ಲಿಯಂಥ ಕಡೆ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ಕೊಳವೆಬಾವಿ ನೀರನ್ನು ಕೂಸು ಕುಡಿದರೆ, ಆರು ವರ್ಷದ ನಂತರ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆಯೋ ಕಂದು ಕಲೆಯೋ ಕಾಣುತ್ತದೆ. ಅಲ್ಲಿನ ಮನೆಗಳಲ್ಲಿ ಶುದ್ಧ ನೀರು ಮೊದಲು ಸೇರಬೇಕಾದದ್ದು ಚಿಕ್ಕ ಮಕ್ಕಳ ಲೋಟಕ್ಕೆ.

ಆ ಹುಡುಗಿಯ ಹಲ್ಲನ್ನು ಕೀಳಲಿಲ್ಲ. ಎಂಟು ವರ್ಷಕ್ಕೆ ಬೇರಿನ ತುದಿ ಇನ್ನೂ ಕೂಡಿರುವುದಿಲ್ಲ. ಒಳಗಿನ ನರ ಜೀವಂತವಿತ್ತು. ಅದರ ಮೇಲೆ ಔಷಧಿ ಇಟ್ಟು ಮುಚ್ಚಿದೆ, ಬೇರು ಬೆಳೆಯಲಿ ಎಂದು.

ದೊಡ್ಡವರಾದ ಮೇಲೆ ಅಪಾಯ ಹಲ್ಲಿನ ನೆತ್ತಿಯಿಂದ ವಸಡಿಗೆ ಇಳಿಯುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನಿನ ಏರಿಳಿತದಿಂದ ವಸಡು ಊದಿ ರಕ್ತ ಬರುತ್ತದೆ. ಹೊಟ್ಟೆಯ ಮಗು ತಾಯಿಯ ಹಲ್ಲಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ ಎಂಬುದು ಸುಳ್ಳು. ಆದರೆ ವಾಂತಿಯ ಆಮ್ಲ ಎನಾಮೆಲ್ ಸವೆಸುವುದು ನಿಜ. ವಾಂತಿಯಾದ ಕೂಡಲೇ ಬ್ರಷ್ ಮಾಡದೆ, ನೀರಿಗೆ ಚಿಟಿಕೆ ಅಡುಗೆ ಸೋಡ ಹಾಕಿ ಬಾಯಿ ಮುಕ್ಕಳಿಸಿ. ನಲವತ್ತು ದಾಟಿ ಸಕ್ಕರೆ ಕಾಯಿಲೆ ಇದ್ದರೆ ವಸಡಿನ ಸೋಂಕು ಸಕ್ಕರೆ ಏರಿಸುತ್ತದೆ, ಏರಿದ ಸಕ್ಕರೆ ಸೋಂಕು ಹೆಚ್ಚಿಸುತ್ತದೆ. ಗುಟ್ಕಾ, ಅಡಿಕೆ ಹಾಕುವವರು ಬಾಯಿಗೆ ಮೂರು ಬೆರಳು ಒಂದರ ಮೇಲೊಂದಾಗಿ ಹೋಗುತ್ತಿಲ್ಲ ಎನಿಸಿದ ದಿನವೇ ಬನ್ನಿ. ಖಾರ ತಿಂದರೆ ಉರಿ ಎಂಬುದೂ ಬಾಯಿ ಬಿಗಿಯುವ ಈ ಕಾಯಿಲೆಯ ಲಕ್ಷಣವೇ.

ಅರವತ್ತರ ನಂತರ ವಸಡು ಹಿಂದೆ ಸರಿದು ಬೇರು ಕಾಣುತ್ತದೆ. ಬೇರಿಗೆ ಎನಾಮೆಲ್ ಕವಚವಿಲ್ಲ. ಬಿಪಿ, ನಿದ್ದೆ, ಅಲರ್ಜಿಯ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಎಂಜಲು ಕಡಿಮೆಯಾದರೆ ಬೇರು ಬೇಗ ಹುಳುಕಾಗುತ್ತದೆ. ರಕ್ತ ತೆಳುವಾಗುವ ಮಾತ್ರೆಯನ್ನು ಹಲ್ಲು ಕೀಳಿಸಲೆಂದು ತಾವೇ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುವ ಅಪಾಯವಿದೆ.

ಕಳೆದ ತಿಂಗಳು ಎಪ್ಪತ್ತು ದಾಟಿದ ರೈತರೊಬ್ಬರು ಬಂದಿದ್ದರು. ಕೆಳಗಡೆ ಹಲ್ಲು ಬಹಳ ಉದುರಿದ್ದವು, ಎರಡೂ ಬದಿಯ ಆರನೆಯವು ಗಟ್ಟಿಯಾಗಿದ್ದವು. ಅವುಗಳಿಗೇ ತಂತಿಯ ಕೊಕ್ಕೆ ಸಿಕ್ಕಿಸಿ ಕಟ್ಟುಹಲ್ಲು ಕೂರಿಸಿದೆ. ಎರಡನೇ ಭೇಟಿಗೆ ಮುದ್ದೆ ಬಿಟ್ಟು ರೊಟ್ಟಿ ತಿಂದೆ ಎಂದರು. ರಾತ್ರಿ ಸೆಟ್ ತೆಗೆದು ನೀರಿನಲ್ಲಿಡಿ, ಕೊಕ್ಕೆ ಹಿಡಿಯುವ ಹಲ್ಲನ್ನು ನಾಲಿಗೆಯ ಮಗ್ಗುಲಿನಿಂದಲೂ ಉಜ್ಜಿ ಎಂದು ಹೇಳಿ ಕಳಿಸಿದೆ.